ಸಾವಕಾಶ ಬಾಯಿ

ಆಕೆ ನಡೆಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಆಮೇಲೆ ಬೆರಳು. ತಲೆಯ ಮೇಲೆ ತುಂಬಿದ ಕೊಡ ಇದ್ದವರೂ ಹಾಗೆ ನಡೆಯುವುದಿಲ್ಲ. ಆಕೆಯ ಹಿಂದೆ ಸಾಲಾಗಿ ಪಟ್ಟಣದ ಮಂದಿ, ಅವರದೂ ಅದೇ ನಡಿಗೆ. ಬಿಸಿ ಬೂದಿಯ ಮೇಲೆ ಕಾಲಿಟ್ಟ ಕೋಳಿಗಳ ಹಾಗೆ ಕಾಣುತ್ತಿದ್ದರು.

ಈ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ವಿಜಯಪುರದ ಜಲನಗರದ ಮನೆಗೆ ನಾನೂ ಹೋಗಿದ್ದೆ. ಬಂದವರೆಲ್ಲ ಫೋಟೋಕ್ಕೆ ಹೂವು ಹಾಕಿ, ಬಹಳ ಶಾಂತ ಸ್ವಭಾವದ ಹೆಂಗಸು ಎಂದು ಹೇಳಿ ಹೋದರು. ಅದು ಸುಳ್ಳು. ಸತ್ತವರ ಬಗ್ಗೆ ಸುಳ್ಳು ಹೇಳಬಾರದು, ಅವರು ಎದ್ದು ಬಂದು ತಿದ್ದಲಾರರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ, ಮಾತು ತಿದ್ದಕೂಡದು ಎಂದು ಹೇಳಿದ್ದೇನೆ.

ನಮ್ಮ ಊರು ಘೋಣಸಗಿ, ತಿಕೋಟಾದ ಹತ್ತಿರ. ಊರವರು ಆಕೆಗೆ ಸಾವಕಾಶ ಬಾಯಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಆಕೆಗೂ ಗೊತ್ತಿತ್ತು.

"ಅಡ್ಡಹೆಸರು ಇಡಾಕ ಒಂದೀಟು ಪ್ರೀತಿ ಬೇಕಲ್ಲವ್ವಾ," ಎಂದಳು ಒಮ್ಮೆ.

"ಪ್ರೀತಿ ಅಲ್ಲ ಬಾಯಾರ, ಪುರಸೊತ್ತು ಬೇಕು," ಎಂದೆ.

ಆಕೆ ಮೊದಲು ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಊರೂರ ಮಂದಿಯ ಹಲೋ ಹಲೋ ಕೇಳಿ ಕಿವಿ ತೂತು ಬಿದ್ದಿದೆ ಎನ್ನುತ್ತಿದ್ದಳು. ವಯಸ್ಸಾಗುವ ಮೊದಲೇ ಕೆಲಸ ಬಿಟ್ಟು, ಎಲ್ಲೋ ಹೋಗಿ ಕಣ್ಣು ಮುಚ್ಚಿ ಕೂರುವುದನ್ನು ಕಲಿತು ಬಂದಳು. ಆಮೇಲೆ ಈ ಪ್ರವಾಸ ಶುರು ಮಾಡಿದಳು. ಪುಣೆ, ಹುಬ್ಬಳ್ಳಿ, ಬೆಂಗಳೂರಿನ ಮಂದಿಯನ್ನು ಕೂಡಿಸಿಕೊಂಡು ವಿಜಯಪುರದಿಂದ ಹೊರಡುವುದು. ತಿಕೋಟಾದಲ್ಲಿ ಕಂಬಳಿ ನೇಯುವವರ ಮನೆ, ನಮ್ಮೂರಲ್ಲಿ ಹಳೆ ಅರಿವೆಯ ಕೌದಿ ಹೊಲಿಗೆ, ಬಬಲೇಶ್ವರದಲ್ಲಿ ಕುಂಬಾರರ ಗಾಲಿ. ಬಸ್ಸು ಒಂದು ಹೊತ್ತಿಗೆ ಮುಗಿಸುವ ದಾರಿಗೆ ಇವರು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ಹೋದಲ್ಲಿ ಕೂತು ಕೈಕೆಲಸ ಮಾಡಬೇಕು, ಮಾಡುವಾಗ ಮಾತಾಡಬಾರದು, ಮನಸ್ಸು ಕೈಯಲ್ಲೇ ಇರಬೇಕು.

ಹೊರಡುವ ದಿನ ವಿಜಯಪುರದ ಇಬ್ರಾಹಿಂಪುರ ರೈಲ್ವೆ ಗೇಟಿನ ಹತ್ತಿರ ಎಲ್ಲರನ್ನೂ ಬರಹೇಳುತ್ತಿದ್ದಳಂತೆ. ಗೇಟು ಬಿದ್ದಿದ್ದರೆ ಆಕೆಗೆ ಖುಷಿ. ರೈಲು ಹೋಗುವ ತನಕ ಫೋನು ತೆಗೆಯದೆ ನಿಲ್ಲಬೇಕು, ಅದೇ ಮೊದಲ ಪಾಠ. "ಗೇಟ್ ಬೀಳಲಿಲ್ಲಂದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ. "ಬೀಳೂತನಾ ನಿಂದರ್ತೀವಿ," ಎಂದಳು.

ಮೊದಲ ವರ್ಷ ಇವರೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಬಂದಿದ್ದರು. ತಿಕೋಟಾ ರಸ್ತೆಯಲ್ಲಿ ತಲೆ ತಗ್ಗಿಸಿ, ತುಟಿ ಬಿಗಿದು, ಒಬ್ಬರ ಹಿಂದೆ ಒಬ್ಬರು. ಮುಂದೆ ಆಕೆ, ಕೈಯಲ್ಲಿ ಸಣ್ಣ ಗಂಟೆ, ಆಗಾಗ ಟಣ್ ಎನಿಸುತ್ತ. ಹೊಲದಲ್ಲಿದ್ದ ನಮ್ಮೂರ ಮುದುಕನೊಬ್ಬ ಬದುವಿಗೆ ಬಂದು ಚಪ್ಪಲಿ ಬಿಟ್ಟು ನಿಂತ.

"ಯಾರ ಹೋದ್ರ ಯವ್ವಾ?" ಎಂದು ಕೇಳಿದ.

ನಡೆಯುವಾಗಲೂ ಮೌನ ಇತ್ತಲ್ಲ, ಆಕೆ ಬರೀ ಕೈ ಮುಗಿದಳು. ಆತ ಗದ್ಗದ ಆಗಿ ತಾನೂ ಕೈ ಮುಗಿದು, ಸಾಲಿನ ಕೊನೆಗೆ ಸೇರಿಕೊಂಡು ಬಹಳ ದೂರ ನಡೆದ. ಹೆಣ ಎಲ್ಲೂ ಕಾಣದಿದ್ದಾಗ ಅನುಮಾನ ಬಂದು ಹಿಂದಕ್ಕೆ ತಿರುಗಿದ. ಮನೆಗೆ ಬಂದು ತಣ್ಣೀರು ಸುರಿದುಕೊಂಡು, ಊರ ಕಟ್ಟೆಯ ಮೇಲೆ ಕೂತು ಬೈದದ್ದೇ ಬೈದದ್ದು. "ಸಾಯಲಾರದ ಹೆಣದ ಹಿಂದ ನಡಿಸ್ಯಾರಲೇ ನನ್ನ!"

ಮರುವರ್ಷದಿಂದ ಬಣ್ಣದ ಬಟ್ಟೆ ಬಂತು. ರಸ್ತೆಯಲ್ಲಿ ಗಂಟೆ ನಿಂತಿತು.

ನಮ್ಮ ಕಡೆ ಹೊಸಬರು ಕಂಡರೆ ಮೊದಲು ಕೇಳುವ ಪ್ರಶ್ನೆ, ನೀವು ಯಾರ ಪೈಕಿ? ಅಂದರೆ ಯಾರ ಕಡೆಯವರು, ಯಾವ ಜಾತಿ, ಎಲ್ಲವೂ ಅದರಲ್ಲೇ ಬಂತು. ಆಕೆ ನಮ್ಮ ಅಂಗಳಕ್ಕೆ ಬಂದ ಮೊದಲ ದಿನ ನಾನೂ ಕೇಳಿದೆ. ಆಕೆ ಉಸಿರು ಒಳಗೆ ತಗೊಂಡು, ಹೊರಗೆ ಬಿಟ್ಟು, "ಬೌದ್ಧರ್ರೀ," ಎಂದಳು.

"ಅದು ನಂಬೂ ದೇವರಾತು. ಓಣಿ ಯಾವುದು?"

ಬಬಲೇಶ್ವರದಲ್ಲಿ ತನ್ನ ತವರುಮನೆ ಇರುವ ಓಣಿಯ ಹೆಸರು ಹೇಳಿದಳು. ನನಗೆ ತಿಳಿಯಿತು.

"ಚಾ ಕುಡೀತೀರೇನು?" ಎಂದೆ.

"ಯಾವ ಲೋಟದಾಗ?" ಎಂದಳು. ಕಣ್ಣು ಮಿಟುಕಿಸಲಿಲ್ಲ.

"ಬ್ಯಾರೆ ಇಡೂವಷ್ಟು ಲೋಟ ನನ್ನ ಮನ್ಯಾಗ ಇಲ್ಲ."

ನಾನೇನು ದೊಡ್ಡ ಮನಸ್ಸಿನವಳಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಆಕೆಯಿಂದ ಕೆಲಸ ಸಿಗುವಂತಿತ್ತು. ಮತ್ತೆ ಅಷ್ಟು ನೆಟ್ಟಗೆ ಕೇಳಿದವರು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಆದರೆ ಆ ವಿಷಯ ನಮ್ಮಿಬ್ಬರಲ್ಲೇ ಉಳಿಯಿತು. ಬೇರೆ ಯಾರೂ ಕೇಳಿರಲಿಲ್ಲ. ಪ್ಯಾಂಟು ಹಾಕಿದ ಮಂದಿಯ ಜೊತೆ ಬಂದವಳು ಎಂದು ಊರು ಆಕೆಯನ್ನು ಪಟ್ಟಣದ ಲೆಕ್ಕಕ್ಕೆ ಹಾಕಿತ್ತು.

ಕೌದಿ ಹೊಲಿಯುವಾಗ ಆಕೆ ಗುಂಪಿನವರಿಗೆ, ಹೊಲಿಗೆ ನೋಡಬೇಡಿ, ಉಸಿರು ನೋಡಿ ಎಂದು ಹೇಳುತ್ತಿದ್ದಳು. "ಉಸಿರು ನೋಡಿದ್ರ ಸೂಜಿ ಚುಚ್ಚತೈತ್ರಿ," ಎಂದು ನಾನು ಎಷ್ಟೋ ಸಲ ಹೇಳಿದೆ. ಚುಚ್ಚುತ್ತಿತ್ತು ಕೂಡ. ಆಕೆಗೇ ಮೊದಲು ಚುಚ್ಚುತ್ತಿತ್ತು. ಹೊಲಿಗೆ ಆಕೆಗೆ ಕೊನೆಯವರೆಗೂ ಚೆನ್ನಾಗಿ ಬರಲಿಲ್ಲ.

ನನ್ನ ಮೊಮ್ಮಗಳು ಮೊದಲ ಬಸುರಿಯಾಗಿ ನಮ್ಮ ಮನೆಯಲ್ಲಿದ್ದ ವರ್ಷದ ಮಾತು ಇದು. ಹುಟ್ಟುವ ಮೊದಲು ಕೂಸಿಗೆ ಹೊಸ ಬಟ್ಟೆ ಹೊಲಿಯುವ ಪದ್ಧತಿ ನಮ್ಮಲ್ಲಿಲ್ಲ. ಕೌದಿ ಹಳೆಯ ಅರಿವೆಯದು, ಅದಕ್ಕೆ ಅಡ್ಡಿಯಿಲ್ಲ. ತುಂಬಾ ವರ್ಷ ಬಾಳಿದವರ ಸೀರೆಯ ತುಂಡು ಅದರಲ್ಲಿ ಇರಬೇಕು, ಅವರ ಆಯುಷ್ಯ ಕೂಸಿಗೆ ಬರಲಿ ಎಂದು. ನಮ್ಮತ್ತೆಯ ಚಂದ್ರಕಾಳಿ ಸೀರೆಯ ತುಂಡನ್ನು ನಡುವೆ ಇಟ್ಟೆ. ಕಪ್ಪು ಮೈ, ಕೆಂಪು ಅಂಚು. ಸಾವಕಾಶ ಬಾಯಿಯ ತಾಯಿಯೂ ಹಣ್ಣು ಹಣ್ಣು ಮುದುಕಿಯಾಗಿ ಹೋದವಳು ಎಂದು ಗೊತ್ತಿತ್ತು, ಆಕೆಯದೂ ಒಂದು ತುಂಡು ನಾನೇ ಓಣಿಗೆಲ್ಲ ಕೇಳುವಂತೆ ಬೇಡಿ ತರಿಸಿದೆ. ನೋಡಿದರೆ ಅದೂ ಚಂದ್ರಕಾಳಿ. ಆ ಕಾಲದಲ್ಲಿ ಎಲ್ಲ ಹೆಂಗಸರೂ ತಿಕೋಟಾದ ಸಂತೆಯಲ್ಲೇ ಸೀರೆ ಕೊಳ್ಳುತ್ತಿದ್ದರು. ಎರಡನ್ನೂ ಒಂದರ ಮಗ್ಗುಲಿಗೆ ಒಂದು ಇಟ್ಟೆ. ಗುಂಪಿನವರು ಸುತ್ತ ಕೂತು, ಅಂಚಿನಿಂದ ಒಳಕ್ಕೆ ಸಾಲು ಹಾಕುತ್ತ ನಡುವಿನ ತನಕ ಬಂದಿದ್ದರು.

ಮರುದಿನ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಮೊಮ್ಮಗಳ ಅತ್ತೆ, ಅಂದರೆ ನಮ್ಮ ಬೀಗತಿ, ಮಂದಿ ಕಟ್ಟಿಕೊಂಡು ಬರುವವಳಿದ್ದಳು.

ಕುಬಸದ ಹಿಂದಿನ ದಿನ, ಬಿಸಿಲು ಇಳಿಯುವ ಹೊತ್ತು. ಬೇವಿನ ಮರದ ಕೆಳಗೆ ಎಲ್ಲರೂ ಮೌನದಲ್ಲಿ ಹೊಲಿಯುತ್ತಿದ್ದರು. ನಾನು ಮೌನ ಮಾಡುವವಳಲ್ಲ, ಒಲೆಯ ಮುಂದಿದ್ದೆ. ಆಗ ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಪಕ್ಕದ ಮನೆಯಿಂದ ಬಂದಳು. ಕೈಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ.

"ಯಾರದ ಅರಿವಿ ಹಾಕೀರಿ ಇದರಾಗ?"

ಯಾರೂ ತಲೆ ಎತ್ತಲಿಲ್ಲ.

"ಕಿವಿ ಕೇಳಸೂದಿಲ್ಲೇನು? ಮೂಕರ ಸಂತಿ ಮಾಡೀರಿ?"

ನಾನು ಹೊರಗೆ ಬಂದೆ. "ಕೂಗಬ್ಯಾಡ ಬೇ. ಗಂಟಿ ಹೊಡಿಯೂತನಾ ಅವರು ಮಾತಾಡೂದಿಲ್ಲ."

"ಗಂಟಿ ಆಗೂತನಾ ನಾ ಯಾಕ ಕಾಯಲಿ? ಬಬಲೇಶ್ವರದಿಂದ ನಮ್ಮಕ್ಕನ ಸೊಸಿ ಫೋನ್ ಮಾಡಿದ್ಲು. ಈಕಿ ಯಾರ ಪೈಕಿ ಅಂತ ಅಲ್ಲಿ ಎಲ್ಲಾರಿಗೂ ಗೊತ್ತೈತಿ. ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು."

"ಗೊತ್ತಿದ್ದೂ ಆ ಓಣಿ ಸೀರಿ ನಮ್ಮ ಕೂಸಿನ ಮೈಮ್ಯಾಲೆ ಹೊಚ್ಚಾಕಿ? ನಾಳೆ ಬೀಗರು ಬಂದು ಕೇಳಿದ್ರ ಯಾವ ಮಾರಿ ತೋರಸ್ತಿ? ಬಿಚ್ಚಸು. ಈಗಿಂದೀಗ ಬಿಚ್ಚಸು."

ಪುಣೆಯ ಹುಡುಗಿಯೊಬ್ಬಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕತ್ತರಿ ತಿಳಿಯಿತು. ಎದ್ದು ನಿಂತಳು. ಸಾವಕಾಶ ಬಾಯಿ ಅಂಗೈ ಕೆಳಗೆ ಮಾಡಿ, ಕೂತುಕೋ ಎಂದು ತೋರಿಸಿದಳು. ಹುಡುಗಿ ಕೂತಳು. ನೆಗೆಣ್ಣಿ ಬೈಯುತ್ತಲೇ ಇದ್ದಳು. ಬೈಗುಳಕ್ಕೆ ಉತ್ತರ ಬರದಿದ್ದರೆ ಬೈಯುವವರ ಸಿಟ್ಟು ಏರುತ್ತದೆ. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಸಾವಕಾಶ ಬಾಯಿ ಹೊತ್ತಿಗೆ ಮೊದಲು ಗಂಟೆ ಹೊಡೆಯಲಿಲ್ಲ. ಹೊತ್ತು ಮುಗಿದಾಗ ಹೊಡೆದಳು. ಆಮೇಲೆ ನೆಗೆಣ್ಣಿಯ ಕಡೆ ತಿರುಗಿದಳು.

"ಹೌದ್ರಿ, ನಮ್ಮವ್ವನ ಸೀರಿ ಐತಿ. ಬಿಚ್ಚೂದಿದ್ರ ನೀವ ಬಿಚ್ರಿ. ನಮ್ಮ ಕೈ ಬಿಚ್ಚೂದಿಲ್ಲ."

ನೆಗೆಣ್ಣಿ ಇದನ್ನು ಎಣಿಸಿರಲಿಲ್ಲ. ಯಾರ ಪೈಕಿ ಎಂದು ಬಯಲಾದ ಮೇಲೆ ಗಂಟು ಕಟ್ಟಿ ಹೊರಡುತ್ತಾರೆ ಎಂದುಕೊಂಡಿದ್ದಳು. ಈಗ ಬಿಚ್ಚಬೇಕೆಂದರೆ ಅವರ ನಡುವೆಯೇ ಕೂರಬೇಕು. ಸೆರಗು ಸಿಕ್ಕಿಸಿ ಕೂತೇಬಿಟ್ಟಳು, ಸಾವಕಾಶ ಬಾಯಿಯ ಎದುರಿಗೆ.

ಕೌದಿಯ ದಾರ ಒಂದೇ ಸಾಲಾಗಿ ಓಡುತ್ತದೆ. ಒಂದು ಕಡೆ ಕತ್ತರಿಸಿದರೆ ಉದ್ದಕ್ಕೂ ಸಡಿಲಾಗುತ್ತದೆ. ನೆಗೆಣ್ಣಿ ಒಂದೊಂದೇ ಹೊಲಿಗೆಯ ಟಾಕಿ ಕತ್ತರಿಸುತ್ತ ಹೋದಳು. ಸಾವಕಾಶ ಬಾಯಿ ಸೂಜಿ ತಗೊಂಡು, ಸಡಿಲಾದ ಸಾಲುಗಳನ್ನು ಹಿಂದಿನಿಂದ ಬಿಗಿ ಮಾಡುತ್ತ ಬಂದಳು. ಒಬ್ಬಳು ಬಿಚ್ಚುವುದು, ಒಬ್ಬಳು ಹೊಲಿಯುವುದು, ಇಬ್ಬರ ತಲೆಗಳೂ ಮುಟ್ಟುವಷ್ಟು ಹತ್ತಿರ. ಜಗಳವೋ ಉಪಕಾರವೋ ನನಗೆ ತಿಳಿಯಲಿಲ್ಲ. ಕತ್ತರಿಯ ತುದಿ ಆಕೆಯ ಬೆರಳಿನ ಪಕ್ಕದಲ್ಲೇ ಕಚ್ ಕಚ್ ಎನ್ನುತ್ತಿತ್ತು. ಆಕೆ ಬೆರಳು ತೆಗೆಯಲಿಲ್ಲ.

ಕೊನೆಗೆ ನೆಗೆಣ್ಣಿ ಕಪ್ಪು ತುಂಡೊಂದನ್ನು ಕಿತ್ತು, ಎದ್ದು, ತಿಪ್ಪೆಗೆ ಎಸೆದು, "ಪೀಡಾ ಹೋತು," ಎಂದು ಮನೆಗೆ ನಡೆದಳು.

ಆಕೆ ಕಿತ್ತದ್ದು ನಮ್ಮತ್ತೆಯದು.

ಕತ್ತರಿ ಆ ಕಡೆ ತಿರುಗಿದಾಗಲೇ ನಾನು ನೋಡಿದ್ದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಅತ್ತೆಯ ಜೊತೆ ಇಪ್ಪತ್ತು ವರ್ಷ ಒಂದೇ ಒಲೆಗೆ ಊದಿದವಳಿಗೆ ಅತ್ತೆಯ ಸೀರೆ ಗುರುತು ಸಿಗಲಿಲ್ಲವೆಂದರೆ ಅದು ಆಕೆಯ ಹಣೆಬರಹ. ಜಗಳ ಮುಗಿಯಿತು, ಕೌದಿ ಉಳಿಯಿತು.

"ಬಾಯಾರ," ಎಂದು ಪಿಸುಗುಟ್ಟಿದೆ, "ನಿಮ್ಮವ್ವಂದು ಇಲ್ಲೇ ಐತಿ."

"ನೋಡಿದೆ."

"ನೋಡಿದ್ರ ಆತಲ್ಲ. ಸುಮ್ಮ ಇದ್ದಬಿಡ್ರಿ. ತೂತು ನಾ ಮುಚ್ಚತೀನಿ."

ಆಕೆ ತಿಪ್ಪೆಗೆ ಹೋಗಿ ಆ ತುಂಡು ಹೆಕ್ಕಿ ತಂದಳು. ಸಗಣಿ ಕೊಡವಿದಳು. "ತಪ್ಪಿಲೆ ಉಳದದ್ದು ಉಳದಂಗಲ್ಲವ್ವಾ," ಎಂದಳು.

ನನಗೆ ಮೈಯೆಲ್ಲ ಉರಿಯಿತು. "ನೀವು ಮಂದೀಗೆ ಶಾಂತಿ ಕಲಸಾಕ ಬಂದೀರೋ, ಜಗಳಾ ಹಚ್ಚಾಕ ಬಂದೀರೋ? ಕಣ್ಣು ಮುಚ್ಚಿ ಕೂಡ್ತೀರಿ, ಉಸಿರು ಉಸಿರು ಅಂತೀರಿ, ಇಷ್ಟು ತಿಳೀಬಾರದ?"

"ನಾ ಕೂಡೂದು ಶಾಂತೀಗಲ್ಲ." ಆಕೆಯ ದನಿ ಏರಿದ್ದನ್ನು ಆವತ್ತೇ ನಾನು ಕೇಳಿದ್ದು. "ಸಣ್ಣಾಕಿ ಇದ್ದಾಗಿಂದ ಎಬ್ಬಿಸಿದ್ದ ಎಬ್ಬಿಸಿದ್ದು ನನ್ನ. ಕಟ್ಟಿಮ್ಯಾಲಿಂದ ಎಬ್ಬಿಸಿದ್ರು, ಪಂಕ್ತಿಯಿಂದ ಎಬ್ಬಿಸಿದ್ರು, ಬಾವಿ ದಂಡಿಯಿಂದ ಎಬ್ಬಿಸಿದ್ರು. ಈಗ ಕೂಡೂದನ್ನ ಕಸಬು ಮಾಡ್ಕೊಂಡೀನಿ. ನಾ ಯಾರ ಅಂತ ತಿಳದ ಮ್ಯಾಲೂ ಈ ಅಂಗಳದಾಗ ಕುಂಡ್ರಾಕ ಬಂದ್ರ ಮುಂದಿನ ವರ್ಷ ಬರ್ತೀನಿ. ಇಲ್ಲಂದ್ರ ಇಲ್ಲ. ಕದ್ದು ಕೂಡೂದು ನನ್ನಿಂದ ಆಗೂದಿಲ್ಲ."

ಆಕೆ ನೆಗೆಣ್ಣಿಯ ಬಾಗಿಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಹೊಸ್ತಿಲಿನಾಚೆಯೇ ನಿಂತು ತುಂಡನ್ನು ಕಟ್ಟೆಯ ಮೇಲೆ ಇಟ್ಟಳು.

"ಇದು ನಿಮ್ಮತ್ತೀದ್ರಿ. ನಮ್ಮವ್ವಂದು ಕೌದ್ಯಾಗ ಐತಿ. ಬರ್ರಿ, ನಾ ತೋರಸ್ತೀನಿ. ಬಿಚ್ಚೂದಿದ್ರ ಬಿಚ್ರಿ."

ನೆಗೆಣ್ಣಿಯ ಮುಖ ಸುಟ್ಟ ರೊಟ್ಟಿಯಂತಾಯಿತು. ತುಂಡನ್ನು ತಗೊಂಡಳು, ಬಾಗಿಲು ಮುಚ್ಚಿಕೊಂಡಳು.

ಮರುದಿನ ಬೆಳಗ್ಗೆ ಗುಂಪು ಬಬಲೇಶ್ವರಕ್ಕೆ ಹೊರಡಬೇಕಿತ್ತು. ಆಕೆ ಹೊರಡಿಸಲಿಲ್ಲ. ತೂತು ಬಿದ್ದ ಕೌದಿಯನ್ನು ಬೇವಿನ ಕೆಳಗೆ ಹಾಸಿ ಎಲ್ಲರನ್ನೂ ಸುತ್ತ ಕೂರಿಸಿದಳು. ಒಳಗೆ ಹೋಳಿಗೆ ಬೇಯುತ್ತಿತ್ತು, ಮೊಮ್ಮಗಳು ಹಸಿರು ಸೀರೆ ಉಟ್ಟು ಕೂತು, "ಅಜ್ಜಿ, ಏನಾಗೈತಿ ಹೇಳಬೇ," ಎಂದು ಕೇಳುತ್ತಿದ್ದಳು. "ಏನಾಗಿಲ್ಲ, ನೀ ಹೊಟ್ಟಿ ನೋಡ್ಕೊ," ಎಂದು ಗದರಿದೆ.

ಬೀಗರು ಬರುವ ಹೊತ್ತಿಗೆ ಸ್ವಲ್ಪ ಮೊದಲು ನೆಗೆಣ್ಣಿ ಬಂದಳು. ಕತ್ತರಿ ಇರಲಿಲ್ಲ. ಅತ್ತೆಯ ತುಂಡನ್ನು ತೊಳೆದಿದ್ದಳು, ಇನ್ನೂ ಹಸಿಯಾಗಿತ್ತು. "ಅತ್ತೀದು ಬಿಟ್ಟು ಈ ಮನ್ಯಾಗ ಕೌದಿ ಆಗಬಾರದು," ಎಂದು ನನಗೆ ಹೇಳಿದಳು, ಆಕೆಗಲ್ಲ. ಇನ್ನೊಂದು ಯಾವುದು ಎಂದು ಕೇಳಲಿಲ್ಲ. ಕೂತು ತೂತಿನ ಮೇಲೆ ತುಂಡನ್ನು ಇಟ್ಟಳು. ಕಣ್ಣು ಸಾಲದೆ ದಾರ ಪೋಣಿಸಲು ಒದ್ದಾಡಿದಳು. ಸಾವಕಾಶ ಬಾಯಿ ತನ್ನ ಸೂಜಿಗೆ ದಾರ ಪೋಣಿಸಿ ಕೌದಿಯ ಮೇಲೆ ಇಟ್ಟಳು. ನೆಗೆಣ್ಣಿ ಅದನ್ನು ಎತ್ತಿಕೊಂಡಳು. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಕಡೆ ಯಾರೂ ಕೊಡುವುದಿಲ್ಲ, ಕೆಳಗೇ ಇಡುತ್ತಾರೆ. ಹಾಗಾಗಿ ಅದು ಬರೀ ಪದ್ಧತಿಯೋ, ಮುಟ್ಟಬಾರದು ಎಂಬುದೋ, ಯಾರೂ ಹೇಳುವ ಹಾಗಿರಲಿಲ್ಲ.

ಟೆಂಪೋ ಬಂತು. ಬೀಗತಿ ಅರಿಸಿನ ಕುಂಕುಮ ಮುಗಿಸಿ, ಚಹಾದ ಲೋಟ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಕೌದಿ ನೋಡಿದಳು, ಸುತ್ತ ಕೂತವರನ್ನು ನೋಡಿದಳು. ಕಣ್ಣು ಸಾವಕಾಶ ಬಾಯಿಯ ಮೇಲೆ ನಿಂತಿತು.

"ಇವರು ಯಾರ ಪೈಕಿ?"

ನೆಗೆಣ್ಣಿ ಥಟ್ಟನೆ, "ನಮ್ಮ ಕೌದಿಗೆ ಬಂದವರ್ರೀ, ವಿಜಯಪುರದವರು," ಎಂದಳು. ಅಷ್ಟಕ್ಕೇ ಮುಗಿಯುತ್ತಿತ್ತು. ಸಾವಕಾಶ ಬಾಯಿ ಉಸಿರು ಎಳೆದುಕೊಂಡದ್ದು ನನಗೆ ಕಾಣಿಸಿತು. ಬೇಡ ಎಂದು ಕಣ್ಣಲ್ಲೇ ಹೇಳಿದೆ.

"ಬಬಲೇಶ್ವರದ ಬೌದ್ಧರ ಪೈಕಿ ರೀ," ಎಂದು, ಓಣಿಯ ಹೆಸರನ್ನೂ ಹೇಳಿದಳು. "ಇದರಾಗ ನಮ್ಮವ್ವನ ಸೀರಿನೂ ಐತಿ."

ಬೀಗತಿಯ ಲೋಟ ತುಟಿಯ ಹತ್ತಿರ ನಿಂತಿತು. ನನ್ನ ಮುಖ ನೋಡಿದಳು. "ಹಂಗೇನ್ರಿ," ಎಂದಳು. ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ಟೆಂಪೋದ ಕಡೆಗೆ ನೋಡಿದಳು. ಒಳಗಿದ್ದ ಮೊಮ್ಮಗಳು ಬಾಗಿಲಿಗೆ ಬಂದು ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ನಾನು ಬಾಯಿ ತೆರೆದೆ.

"ಯಾಕ್ರಿ ಬೀಗತಿಯಾರ," ಎಂದಳು ನೆಗೆಣ್ಣಿ. ಹೊಲಿಗೆಯಿಂದ ತಲೆ ಎತ್ತಿರಲಿಲ್ಲ. "ಉಡಿ ತುಂಬಾಕ ಬಂದ ಮನ್ಯಾಗ ಚಾ ಅರ್ಧಾ ಬಿಟ್ಟು ಏಳೂ ಪದ್ಧತಿ ಐತೇನು ನಿಮ್ಮ ಕಡೆ? ನಮ್ಮ ಕಡೆ ಇಲ್ಲ ನೋಡ್ರಿ. ಹಾಲು ಕೆಟ್ಟಿದ್ರ ಹೇಳ್ರಿ, ಬ್ಯಾರೆ ಮಾಡಸ್ತೀನಿ. ಕೆಟ್ಟಿಲ್ಲಂದ್ರ ಕುಡೀರಿ, ಆರತೈತಿ."

ಅದು ಸಾವಕಾಶ ಬಾಯಿಯ ಮೇಲಿನ ಪ್ರೀತಿಯಿಂದ ಬಂದ ಮಾತಲ್ಲ. ನಮ್ಮ ಮನೆಯ ಚಹಾ ಬಿಟ್ಟು ಹೊರಗಿನವರು ಎದ್ದು ಹೋಗುವುದನ್ನು ಆಕೆ ಸಹಿಸಲಾರಳು, ಅಷ್ಟೇ. ಇವತ್ತಿಗೂ ಕೇಳಿದರೆ ಹಾಗೆಯೇ ಹೇಳುತ್ತಾಳೆ. ಸಾವಕಾಶ ಬಾಯಿ ಆಮೇಲೆಯೂ ಎಷ್ಟೋ ವರ್ಷ ಬಂದಳು. ನೆಗೆಣ್ಣಿ ಒಂದು ಸಲವೂ ಆಕೆಯನ್ನು ತನ್ನ ಹೊಸ್ತಿಲು ದಾಟಿಸಲಿಲ್ಲ.

ಬೀಗತಿ ಲೋಟ ಎತ್ತಿಕೊಂಡು ಕುಡಿದಳು. ನಿಂತೇ ಕುಡಿದಳು, ಒಂದೇ ಗುಟುಕಿಗೆ, ಔಷಧ ಕುಡಿದ ಹಾಗೆ. ಆದರೆ ಕುಡಿದಳು. ಖಾಲಿ ಲೋಟ ನನ್ನ ಕೈಗೆ ಕೊಟ್ಟು, "ಹೊತ್ತಾತು, ಉಡಿ ತುಂಬೂಣು ನಡೀರಿ," ಎಂದು ಒಳಗೆ ಹೋದಳು.

ಕುಬಸ ಮುಗಿದು ಟೆಂಪೋ ಹೋದ ಮೇಲೆ ಗುಂಪಿನವರು ಒಬ್ಬೊಬ್ಬರಾಗಿ ಎದ್ದು ಕಾಲು ಕೊಡವಿಕೊಂಡರು. ಪುಣೆಯ ಹುಡುಗಿ ಮರದ ಹಿಂದೆ ಹೋಗಿ ಅತ್ತಳು. ನೆಗೆಣ್ಣಿ ಅತ್ತೆಯ ತುಂಡಿನ ಕೊನೆಯ ಟಾಕಿ ಹಾಕಿ, ಸೂಜಿಯನ್ನು ಇದ್ದಲ್ಲೇ ಚುಚ್ಚಿಟ್ಟು ಮನೆಗೆ ಹೋದಳು. ಸಾವಕಾಶ ಬಾಯಿ ಕೂತೇ ಇದ್ದಳು. ನಡುವೆ ಉಳಿದಿದ್ದ ಸಾಲನ್ನು ತನ್ನ ಸೊಟ್ಟ ಹೊಲಿಗೆಯಲ್ಲೇ ಮುಗಿಸಿದಳು, ಗಂಟು ಹಾಕಿದಳು, ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಮೊಣಕಾಲಿಗೆ ಕೈ ಊರಿ, ತಾನಾಗಿಯೇ ಎದ್ದಳು.